ಪದ್ಯ ಓದಿ ‘ಭಾಳ ಛಲೋ ಐತಿ’ ಅಂದಮ್ಯಾಲ ಮುಂದೇನು?

ಘಟಪ್ರಭಾ_ದಂಡಿ (ಮುಧೋಳ)

ಪಿಯು ಹುಡುಗರಿಗೆ ಕನ್ನಡ ಕಲಿಸೂದು ನನ್ನ ಕೆಲಸ. ಅದರ ಹೊರಗ, ಶನಿವಾರ ಸಂಜೀಮುಂದ ಒಂದಿಷ್ಟು ಮಂದಿ ಕೂಡಿ ಓದೂ ರೂಢಿ ಇಟ್ಟೀವಿ. ಕಾಲೇಜು ಹುಡುಗರು, ಒಬ್ರು ರಿಟೈರ್ ಆದ ಪೋಸ್ಟ್‌ಮಾಸ್ತರು, ಬಟ್ಟಿ ಅಂಗಡಿ ಅಣ್ಣ, ಇಬ್ರು ಅಂಗನವಾಡಿ ಟೀಚರು. ಒಂದು ಪದ್ಯ, ಒಂದು ತಾಸು.

ತೊಂದರಿ ಏನಂದ್ರ, ಪದ್ಯ ಓದಿ “ಹೇಳ್ರಿ ಏನನಸ್ತು” ಅಂದ್ರ ಎರಡೇ ಉತ್ತರ ಬರತಾವು. ದೊಡ್ಡವರದು “ಭಾಳ ಛಲೋ ಐತಿ.” ಹುಡುಗರದು “ಕವಿಯು ಇಲ್ಲಿ ಮನೋಜ್ಞವಾಗಿ ಚಿತ್ರಿಸಿದ್ದಾರೆ.” ಏನನ್ನ ಚಿತ್ರಿಸ್ಯಾರಪಾ ಅಂತ ಕೇಳಿದ್ರ ಮೌನ. ಇನ್ನೊಂದು ಸಲ ಕೇಳಿದ್ರ “ಸಮಾಜದ ಅನಿಷ್ಟಗಳ ಮೇಲೆ ಬೆಳಕು ಚೆಲ್ಲಿದ್ದಾರೆ.” ಈ ಬೆಳಕು ಚೆಲ್ಲೂದು ಒಂದು ನಿಲ್ಲವಲ್ದು. ಹತ್ತು ಅಂಕದ ಉತ್ತರ ಬರೀಲಿಕ್ಕೆ ಪದ್ಯ ಓದೂ ಗರಜೇ ಇಲ್ಲ ಅನ್ನೂದು ಹುಡುಗರಿಗೆ ಹೈಸ್ಕೂಲಿನ್ಯಾಗೇ ಗೊತ್ತಾಗಿರತೈತಿ.

ಹೋದ ವಾರ ನಮ್ಮೂರ ಕವಿಯನ್ನೇ ಹಿಡಿದ್ವಿ. ರನ್ನ ಮುಧೋಳದಾಂವ, ಬಳೆಗಾರರ ಮನಿತನ. ಗದಾಯುದ್ಧದಾಗಿನ ಈ ಕಂದಪದ್ಯ ಕೇಳದವರು ಯಾರೂ ಇರಲಿಕ್ಕಿಲ್ಲ:

ಆ ರವಮಂ ನಿರ್ಜಿತ ಕಂ
ಠೀರವರವಮಂ ನಿರಸ್ತ ಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ದುರ್ಯೋಧನ ವೈಶಂಪಾಯನ ಸರೋವರದ ತಳದಾಗ ಕುಂತಾನ. ದಂಡಿ ಮ್ಯಾಲ ಭೀಮ ಗರ್ಜಿಸ್ತಾನ. ಸಿಂಹದ ಸದ್ದು, ಗುಡುಗಿನ ಸದ್ದು ಎರಡನ್ನೂ ಮೀರಿಸಿದ ಆ ಸದ್ದು ಕೇಳಿ, ಹಾವಿನ ಬಾವುಟದ ಆ ರಾಜ ನೀರಾಗ ಇದ್ದೂ ಬೆವತ.

ಯಾಕ ಬೆವತ? ಕೂತವರೆಲ್ಲಾ ಒಂದೇ ಉಸಿರಿನ್ಯಾಗ “ಅಂಜಿ” ಅಂದ್ರು. ಗೈಡಿನ್ಯಾಗೂ ಹಂಗೇ ಐತಿ. ನಾ ಏನೂ ಅನ್ನಲಿಲ್ಲ. ನೀವೇನಂತೀರಿ? ಮತ್ತ ದೊಡ್ಡ ಪ್ರಶ್ನಿ: ಇಂಥಾ ನಾಕು ಸಾಲಿನ ಮುಂದ ಹುಡುಗರನ್ನ ಐದು ನಿಮಿಷ ನಿಲ್ಲಸೂದು ಹೆಂಗ?

ಗುಮ್ಮಟದ_ಪಿಸುಮಾತು (ವಿಜಯಪುರ)

ಮಾಸ್ತರ, ಗೈಡ್ ಬರಿಯವರ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ.

ಇಳಕಲ್_ಸೆರಗು

ಮೂರನೇ ಸಾಲು ಇನ್ನೊಮ್ಮೆ ಓದಿ. ಕೋಪಾರುಣನೇತ್ರಂ. ಕೋಪದಿಂದ ಕೆಂಪಾದ ಕಣ್ಣಿನವನು. ಯಾರ ಕಣ್ಣು? ಭೀಮನದಲ್ಲ. ಆ ಪದ ನಿಂತಿರುವುದು ‘ಉರಗಪತಾಕಂ’ ಜೊತೆಗೆ. ಕೇಳಿದವನೂ ಅವನೇ, ಬೆವತವನೂ ಅವನೇ, ಕಣ್ಣು ಕೆಂಪಾದವನೂ ಅವನೇ. ಹೆದರಿದವನ ಕಣ್ಣು ಕೆಂಪಾಗುತ್ತದೆ ಎಂದು ರನ್ನ ಬರೆಯುತ್ತಾನೆಯೇ? ಇದು ಸಿಟ್ಟಿನ ಬೆವರು. ಎದ್ದು ಬಂದು ಹೊಡೆಯಬೇಕು ಅನ್ನುವ ಜೀವ, ಆದರೆ ನೀರಿನಲ್ಲಿ ಅಡಗಿ ಕೂತಿದೆ. ಆ ಇಕ್ಕಟ್ಟಿಗೆ ಮೈ ಬೆವೆತಿದೆ.

‘ಅಂಜಿ ಬೆವತ’ ಎಂದು ಓದಿದರೆ ಪದ್ಯ ಭೀಮನ ಹೊಗಳಿಕೆಯಾಗಿ ಮುಗಿದುಹೋಗುತ್ತದೆ. ‘ಸಿಟ್ಟಿಗೆ ಬೆವತ’ ಎಂದು ಓದಿದರೆ ಕಣ್ಣು ದುರ್ಯೋಧನನ ಮೇಲೆ ಹೋಗುತ್ತದೆ. ಭೀಮನಿಗೆ ತನ್ನ ದೊರೆ ಸತ್ಯಾಶ್ರಯನನ್ನೇ ಹೋಲಿಸಿ ಬರೆದ ಕವಿ, ಸೋಲುವವನಿಗೆ ಇಷ್ಟು ಜಾಗ ಕೊಟ್ಟನಲ್ಲ, ನನಗೆ ಯಾವಾಗಲೂ ಅದೇ ಸೋಜಿಗ.

ಚಿಕ್ಕೋಡಿ_ಕಟ್ಟಿ

ಒಪ್ಪಿದೆ, ಪೂರ್ತಿ ಅಲ್ಲ. ಸಂದರ್ಭ ನೋಡಬೇಕು. ತಮ್ಮಂದಿರು ಹೋದರು, ಕರ್ಣ ಹೋದ, ಸೈನ್ಯ ಇಲ್ಲ. ಭೀಷ್ಮರ ಮಾತು ಕೇಳಿ ನೀರಿಗೆ ಇಳಿದವನು. ಛಲದ ಮನುಷ್ಯ ಅಡಗಿ ಕೂತಿದ್ದಾನೆ ಅನ್ನುವುದೇ ಅರ್ಧ ಅಂಜಿಕೆಯ ಒಪ್ಪಿಗೆ. ಕೋಪ ಕಣ್ಣಲ್ಲಿ ಇರಬಹುದು, ಬೆವರು ಬೇರೆ ಕಡೆಯಿಂದ ಬಂದಿರಬಹುದು. ಕಣ್ಣು ಒಂದು ಹೇಳುವಾಗ ಮೈ ಇನ್ನೊಂದು ಹೇಳುವುದು ಇದ್ದದ್ದೇ. ನನ್ನ ಪ್ರಕಾರ ರನ್ನ ಎರಡನ್ನೂ ಬೇಕಂತಲೇ ಇಟ್ಟಿದ್ದಾನೆ.

ಇಳಕಲ್_ಸೆರಗು

ಎರಡೂ ಇದ್ದರೆ ಇರಲಿ. ಆದರೆ ‘ಅಂಜಿಕೆ’ಗೆ ಪದ್ಯದೊಳಗೆ ಪದ ತೋರಿಸಿ. ನಾನು ‘ಕೋಪ’ಕ್ಕೆ ತೋರಿಸಿದ್ದೇನೆ.

ಚಿಕ್ಕೋಡಿ_ಕಟ್ಟಿ

‘ನೀರೊಳಗಿರ್ದುಂ’ ಅನ್ನುವುದರ ಕೊನೆಯ ‘ಉಂ’. ಇದ್ದೂ. ಆ ‘ಊ’ ಕಾರದಲ್ಲಿ ಕವಿಯ ಸಣ್ಣ ನಗು ನನಗೆ ಕೇಳುತ್ತದೆ. ನಗುವುದು ಸಿಟ್ಟಾದವನನ್ನು ಕಂಡಲ್ಲ, ಅಡಗಿದವನನ್ನು ಕಂಡು.

ಘಟಪ್ರಭಾ_ದಂಡಿ

ನೀವಿಬ್ರೂ ಈ ಶನಿವಾರ ಮುಧೋಳಕ್ಕ ಬರ್ರಿ, ಚಹಾ ನಂದು. ಇದೇ ಜಗಳ ಹುಡುಗರ ಮುಂದ ಆಗಬೇಕು.

ಒಂದು ಮಾತು ಸೇರಸ್ತೀನಿ. ಅರ್ಥಕ್ಕ ಹೋಗೂ ಮೊದಲು ಇದನ್ನ ದನಿ ತಗದು ಓದಸ್ತೀನಿ. ರವ ಅನ್ನೂದು ಎರಡು ಸಾಲಿನ್ಯಾಗ ನಾಕು ಸಲ ಬರತೈತಿ: ಆ ರವ, ಕಂಠೀರವ, ಅದರ ಬೆನ್ನಿಗೇ ಇನ್ನೊಂದು ರವ, ಘನರವ. ಗುಡ್ಡಕ್ಕ ಬಡದು ಹೊಳ್ಳಿ ಬಂದಂಗ. ಮೂರನೇ ಸಾಲಿಗೆ ಆ ಸದ್ದು ನಿಂತು ಕಣ್ಣು ಬರತಾವು. ನಾಕನೇ ಸಾಲಿಗೆ ನೀರು. ಹೊರಗಿನ ಗದ್ದಲದಿಂದ ಒಬ್ಬನ ಮೈಯೊಳಗ ಇಳೀತೈತಿ ಪದ್ಯ. ಭೀಮ ಏನಂತ ಕೂಗಿದ ಅನ್ನೂದು ಈ ನಾಕು ಸಾಲಿನ್ಯಾಗ ಎಲ್ಲೂ ಇಲ್ಲ, ಬರೇ ಸದ್ದು. ನೀರಿನ ತಳದಾಗ ಕುಂತಾವಗ ಮಾತು ಎಲ್ಲಿ ತಿಳೀತಾವು, ಸದ್ದಷ್ಟೇ ತಿಳಿಯೂದು. ಇದನ್ನ ನನಗ ತೋರಿಸಿದಾಕಿ ಒಬ್ಬಾಕಿ ಹುಡುಗಿ, ಫಸ್ಟ್ ಪಿಯು ಸಾಯನ್ಸ್.

ಕುಂದಾ_ಪ್ರಿಯ (ಬೆಳಗಾವಿ)

ಸಿಟ್ಟಾಗಬ್ಯಾಡ್ರಿ, ನನಗ ಈ ಬಗದು ನೋಡೂ ಓದು ಸರಿಬರೂದಿಲ್ಲ. ಮೊದಲ ಸಲ ಕೇಳಿದಾಗ ಮೈ ಝುಮ್ ಅಂತು, ಸಾಕು. ‘ಉಂ’ ಪ್ರತ್ಯಯದಾಗ ನಗು ಐತೋ ಇಲ್ಲೋ ಅಂತ ಕುಂತ್ರ ಆ ಝುಮ್ ಅನ್ನೂದು ಹಾರಿಹೋಗತೈತಿ. ನಮ್ಮ ಅಜ್ಜ ಸಹಿ ಹಾಕಾಕ ಬರದಾಂವ, ಪಾರಿಜಾತದ ಹಾಡು ಕೇಳಿ ಅಳತಿದ್ದ. ಅವಗ ವಿಮರ್ಶಾ ಯಾವನ ಕಲಿಸಿದ್ದ?

ಡೋಣಿ_ಜೋಳ (ವಿಜಯಪುರ ಜಿಲ್ಲಾ)

ಪಾರಿಜಾತದ ಹೆಸರ ತಗದ್ರಿ, ಅದಕ್ಕ ಹೇಳತೀನಿ. ಶ್ರೀಕೃಷ್ಣ ಪಾರಿಜಾತ ನಿಮ್ಮ ಕುಲಗೋಡ ತಮ್ಮಣ್ಣನ ಆಟ, ಬೆಳಗಾವಿ ಜಿಲ್ಲಾದ್ದೇ. ಅದ್ರಾಗ ಭಾಗವತ ಅಂತ ಒಬ್ಬಾಂವ ಇರತಾನಲ್ಲ, ಅವನ ಕೆಲಸ ಏನು? ಗೊಲ್ಲತಿ ಬಂದು ಒಂದು ಹಾಡು ಹಾಡಿದ್ರ ಅಂವ ಸುಮ್ನ ತಾಳ ಹಾಕಿ ಕೂಡೂದಿಲ್ಲ. ನೀ ಯಾರು, ಹಿಂಗಂದ್ರ ಏನು, ಅದು ಹೆಂಗಾದೀತು ಅಂತ ಅಡ್ಡ ಕೇಳತಾನ. ಆಕಿ ಬಿಡಿಸಿ ಹೇಳಬೇಕು, ಅಂವ ಮತ್ತ ಕೊಕ್ಕಿ ಹಾಕಬೇಕು, ಮಂದಿ ಬಿದ್ದು ಬಿದ್ದು ನಗಬೇಕು. ಹಾಡಿನ ಅರ್ಥ ಅಲ್ಲೇ ಕಟ್ಟಿ ಮ್ಯಾಲ ಜಗಳಾಡಿ ತಗೀತಾರ. ನಿಮ್ಮ ಅಜ್ಜ ಅತ್ತದ್ದು ಅದನ್ನೆಲ್ಲಾ ಕೇಳಿದ ಮ್ಯಾಲ. ಬೆಳತನಾ ಕುಂತು ನೋಡಿದವರಿಗೆ ವಿಮರ್ಶಾ ಬರೂದಿಲ್ಲಂತ ಯಾರ ಹೇಳ್ಯಾರ?

ಮತ್ತ ಪರೀಕ್ಷಾ ಮಾಡಬ್ಯಾಡ್ರಿ ಅಂತ ರನ್ನನ ಬಗ್ಗೆ ಹೇಳೂದು ಭಾಳ ಮಜಾ ಅದ. ‘ಪೇಳ್ ಪರೀಕ್ಷಿಪಂಗೆಂಟೆರ್ದೆಯೇ’ ಅಂತ ಎದಿ ತಟ್ಟಿ ಕರದಾಂವ ಅವನೇ. ನಾಗರಾಜನ ಹೆಡಿ ಮ್ಯಾಲಿನ ರತ್ನ, ರನ್ನನ ಕಾವ್ಯರತ್ನ, ಎರಡನ್ನೂ ಪರೀಕ್ಷಾ ಮಾಡಾವಗ ಎಂಟು ಎದಿ ಅದಾವೇನು ಅಂತ. ಸೊಕ್ಕು ಅನ್ರಿ, ಕರಿ ಅನ್ರಿ. ನಾನಂತೂ ಕರಿ ಅಂತ ತಿಳ್ಕೊಂಡೀನಿ.

ಗುಮ್ಮಟದ_ಪಿಸುಮಾತು

ನಮಗಿರೂದು ಒಂದೇ ಎದಿ, ಅದಕ್ಕೂ ಬಿಪಿ ಗುಳಿಗಿ ನಡದಾವು.

ಸಕ್ಕರಿ_ಶಿಫ್ಟ್ (ಬಾಗಲಕೋಟೆ ಜಿಲ್ಲಾ)

ಸಾಹಿತ್ಯ ಓದಿದಾಂವ ಅಲ್ಲ ನಾನು, ಐಟಿಐ ಫಿಟ್ಟರ್. ಸಕ್ಕರಿ ಕಾರ್ಖಾನಿ ಒಂದರಾಗ ಕೆಲಸ. ಒಂದು ವಿಷಯ ಭಾಳ ದಿನದಿಂದ ತಲ್ಯಾಗ ಕೊರೀತೈತಿ, ಇಲ್ಲಿ ಕೇಳತೀನಿ.

ನಮ್ಮಲ್ಲಿ ಟೈಮ್ ಆಫೀಸಿನ ಮ್ಯಾಲ ದೊಡ್ಡ ಬೋರ್ಡ್ ಐತಿ: “ಕಾಯಕವೇ ಕೈಲಾಸ – ಜಗಜ್ಯೋತಿ ಬಸವಣ್ಣ”. ಕಬ್ಬು ನುರಸೂ ಹಂಗಾಮಿನ್ಯಾಗ ಒಬ್ಬಾಂವ ಬರಲಿಲ್ಲಂದ್ರ ಅವನ ಪಾಳೀನೂ ನಾವೇ ಮಾಡಬೇಕು. ಓವರ್‌ಟೈಮ್ ಕೇಳಾಕ ಹೋದ್ರ ಸೂಪರ್‌ವೈಜರ್ ನಕ್ಕೋತ ಬೋರ್ಡಿನ ಕಡೆ ಬಟ್ಟ ಮಾಡ್ತಾರ. ಏನನ್ನಬೇಕ್ರಿ? ಬಸವಣ್ಣನವರ ಮಾತಿಗೆ ಎದುರು ಆಡಾಕ ಬರತೈತೇನು? ಮಾತಿನ ಶಕ್ತಿ ಅಂತ ನೀವಂತೀರಿ, ನನಗ ಆ ಶಕ್ತಿ ತಿಳದದ್ದು ಹಿಂಗ. ಬಾಯಿ ಮುಚ್ಚಿಸೂ ಶಕ್ತಿ.

ಡೋಣಿ_ಜೋಳ

ಅಣ್ಣಾ, ಆ ಬೋರ್ಡಿನ್ಯಾಗ ಹೆಸರೇ ತಪ್ಪದ. ಅದು ಬಸವಣ್ಣನ ವಚನ ಅಲ್ಲ, ಆಯ್ದಕ್ಕಿ ಮಾರಯ್ಯಂದು. ಪೂರ್ತಿ ಹಿಂಗದ, ನಿಧಾನ ಓದು:

ಕಾಯಕದಲ್ಲಿ ನಿರತನಾದಡೆ
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು.
ಕಾಯಕವೇ ಕೈಲಾಸವಾದ ಕಾರಣ,
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಬೋರ್ಡಿನವರು ಕೊಯ್ಕೊಂಡದ್ದು ಎರಡು ಶಬ್ದ. ಉಳಿದದ್ದರಾಗ ಏನದ ನೋಡು. ಗುರು, ಲಿಂಗ, ಜಂಗಮ. ಶರಣರಿಗೆ ಇವಕ್ಕಿಂತ ದೊಡ್ಡದು ಇಲ್ಲ, ಅಷ್ಟಾವರಣದಾಗ ಮೊದಲಿನ ಮೂರು ಇವೇ. ಕೆಲಸದಾಗ ಇದ್ದಾಗ ಆ ಮೂರನ್ನೂ ಬದಿಗಿಡು ಅಂತಾನ ಮಾರಯ್ಯ. ‘ಹಂಗು ಹರಿಯಬೇಕು.’ ಜಂಗಮನ ಹಂಗೇ ಹರೀಬೇಕಾದ್ರ ಸೂಪರ್‌ವೈಜರನ ಹಂಗು ಯಾವ ಲೆಕ್ಕ? ಕಡೀಕ ದೇವರನ್ನೂ ಕಾಯಕದ ಹೊರಗ ಬಿಟ್ಟಿಲ್ಲ, ಒಳಗ ತಂದಾನ. ಇದು ಕೆಲಸ ಮಾಡಾವಗ ತಲಿ ಎತ್ತಿ ನಿಲ್ಲಸೂ ವಚನ. ಬೋರ್ಡಿಗೆ ಏರಿದ ಮ್ಯಾಲ ತಲಿ ಬಗ್ಗಸೂ ವಚನ ಆಗ್ಯದ.

ಸಕ್ಕರಿ_ಶಿಫ್ಟ್

ಇಷ್ಟು ವರ್ಷ ಅದರ ಕೆಳಗ ನಿಂತು ಪಂಚಿಂಗ್ ಮಾಡೇನಿ. ಉಳಿದ ಸಾಲು ಇದಾವಂತಲೇ ಗೊತ್ತಿರಲಿಲ್ಲ.

ಒಕ್ಕುಂದ_ದಾರಿ (ಬೈಲಹೊಂಗಲ)

ಕೊಯ್ದುಕೊಳ್ಳುವ ಚಟ ಬೋರ್ಡಿನವರಿಗೆ ಮಾತ್ರ ಇಲ್ಲ, ನಮ್ಮ ರಾಜ್ಯೋತ್ಸವದ ಭಾಷಣಕಾರರಿಗೂ ಇದೆ. ಕವಿರಾಜಮಾರ್ಗದ ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಪ್ರತಿ ನವೆಂಬರಿನಲ್ಲಿ ಮೈಕು ಹರಿಯುವ ಹಾಗೆ ಹೇಳುತ್ತಾರೆ. ಓದದೆಯೇ ಕಾವ್ಯ ಬಲ್ಲ ಜನ ನಾವು, ಚಪ್ಪಾಳೆ. ಅದೇ ಪದ್ಯದ ಮೊದಲರ್ಧವನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ:

ಪದನರಿದು ನುಡಿಯಲುಂ ನುಡಿ
ದುದನರಿದಾರಯಲುಮಾರ್ಪರಾ ನಾಡವರ್ಗಳ್

ಹದವರಿತು ಮಾತಾಡಬಲ್ಲರು, ಆಡಿದ್ದನ್ನು ಅರಿತು ಪರೀಕ್ಷಿಸಬಲ್ಲರು. ಆರಯಲುಂ ಅಂದರೆ ತೂಗಿ ನೋಡುವುದು. ಓದದೆಯೂ ಜಾಣರು ಅನ್ನುವ ಹೊಗಳಿಕೆ ಬಂದಿರುವುದು ಈ ಮಾತಿನ ಬೆನ್ನಿಗೆ. ಅದನ್ನು ಬಿಟ್ಟು ಬರೀ ಹೊಗಳಿಕೆ ಇಟ್ಟುಕೊಂಡೆವು.

ಕವಿರಾಜಮಾರ್ಗ ತಿರುಳ್ಗನ್ನಡದ ಎಲ್ಲೆ ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಅನ್ನುತ್ತದೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಒಕ್ಕುಂದ ನಮ್ಮ ತಾಲೂಕು. ನನ್ನ ಊರ ಕಡೆಯ ಹೆಸರಿದೆ ಎಂದು ಎದೆ ಉಬ್ಬುವುದು ನಿಜ. ಆದರೆ ಒಂಬತ್ತನೇ ಶತಮಾನದ ರಾಷ್ಟ್ರಕೂಟರ ಆಸ್ಥಾನದಲ್ಲಿ ಕೂತು ಬರೆದ ಗ್ರಂಥ ಅದು. ಎಲ್ಲಿಯ ಕನ್ನಡ ಚೊಕ್ಕ ಎಂದು ಆಸ್ಥಾನ ತೀರ್ಮಾನ ಮಾಡುತ್ತಿದೆ. ಆ ಎಲ್ಲೆಯ ಹೊರಗಿನವರ ಕನ್ನಡ ಏನಾಯಿತು? ಹೊಗಳಿಸಿಕೊಂಡವರೇ ಈ ಪ್ರಶ್ನೆ ಕೇಳಬೇಕು ಅಂತ ನನಗನ್ನಿಸುತ್ತದೆ. ಬೇರೆಯವರು ಕೇಳಿದರೆ ಹೊಟ್ಟೆಕಿಚ್ಚು ಅನ್ನುತ್ತೇವೆ.

ಬಾದಾಮಿ_ಬಂಡಿ

ಹೊಗಳಿಕಿ ಮಾತು ಬಂತಲ್ಲ. ನಾನು ಬಾದಾಮ್ಯಾಗ ಪ್ರವಾಸಿಗರನ್ನ ಕರಕೊಂಡು ತಿರಗತೀನಿ. ಕಪ್ಪೆ ಅರಭಟ್ಟನ ಶಾಸನ ತೋರಸ್ತೀನಿ, ಸುಮಾರು ಕ್ರಿ.ಶ. 700ರದು, ಕನ್ನಡದ ತ್ರಿಪದಿಗೆ ನಮಗ ಸಿಕ್ಕ ಭಾಳ ಹಳೇ ಸಾಕ್ಷಿ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಮಂದಿ ಕೇಳತಾರ, ಈ ಅರಭಟ್ಟ ಅಷ್ಟು ದೊಡ್ಡ ಮನಷ್ಯಾ ಏನ್ರಿ? ನಾ ಹೇಳತೀನಿ, ಬಂಡಿ ಮ್ಯಾಲ ಬರಿಸಿದವರು ಅವನ ಕಡೆಯವರೇ ಇರಬೇಕಲ್ಲ. ಊರ ಅಗಸಿಗೆ ‘ಕಲಿಯುಗದ ಕರ್ಣ’ ಅಂತ ಫ್ಲೆಕ್ಸ್ ಹಾಕತಾರ, ಕಟ್ಟಿದವರು ಯಾರಂತ ಕೆಳಗ ಸಣ್ಣ ಫೋಟೋದಾಗ ಇರತೈತಿ. ಇಲ್ಲಿ ಆ ಸಣ್ಣ ಫೋಟೋ ಇಲ್ಲ, ಅಷ್ಟೇ. ಮಾಧವನೇ ಈತ, ಬ್ಯಾರೆ ಅಲ್ಲ ಅನ್ನೂದು ನಂಬೂ ಮಾತಲ್ಲ.

ಆದ್ರ, ಇದು ಮುಖ್ಯ: ಫ್ಲೆಕ್ಸ್ ಮಳಿಗಾಲಕ್ಕ ಹರೀತೈತಿ, ಇದು 1300 ವರ್ಷ ನಿಂತೈತಿ, ಬರೇ ಕಲ್ಲಿಗೆ ಕೊರದದ್ದಕ್ಕ ಅಲ್ಲ. ಸಾಧು–ಮಾಧುರ್ಯ–ಬಾಧಿಪ್ಪ–ಮಾಧವ ಅಂತ ಆ ‘ಧ’ಕಾರ ಕೂತದ್ದು ನೋಡ್ರಿ. ಬಾಯಿಗೆ ಬಂತಂದ್ರ ಹೋಗೂದಿಲ್ಲ. ಅರಭಟ್ಟ ಯಾರಂತ ತಿಳೀದವರೂ ಅವನನ್ನ ಹೊಗಳಿಕೋತ ಹೋಗತಾರ. ಮಾತು ನಂಬಬ್ಯಾಡ್ರಿ, ಮಾತಿನ ಕಟ್ಟಡ ನೋಡ್ರಿ ಅಂತೀನಿ ಪ್ರವಾಸಿಗರಿಗೆ. ಅರ್ಧ ಮಂದಿ ಅಷ್ಟೊತ್ತಿಗೆ ಮಂಗ್ಯಾನ ಕಡೆ ನೋಡಾಕತ್ತಿರತಾರ.

ಕುಂದಾ_ಪ್ರಿಯ

ಮಂಗ್ಯಾಗಳದೂ ತಪ್ಪಿಲ್ರಿ, ಅಲ್ಲಿ ನಮ್ಮ ಬಾಳಿಹಣ್ಣು ಹೋಗಿದ್ವು.

ಸರಿ, ಒಂದು ಒಪ್ಕೋತೀನಿ. ಮಾರಯ್ಯನ ವಚನ ಪೂರ್ತಿ ಓದಿದಾಗ ಮತ್ತ ಝುಮ್ ಅಂತು. ಬೋರ್ಡಿನ್ಯಾಗಿನ ಎರಡು ಶಬ್ದಕ್ಕ ಎಂದೂ ಆಗಿರಲಿಲ್ಲ.

ಇಳಕಲ್_ಸೆರಗು

ನಂಬದೆಯೂ ಮೆಚ್ಚುವುದು, ಮೆಚ್ಚಿಯೂ ಪ್ರಶ್ನಿಸುವುದು. ಇದು ನನಗೆ ಅತ್ಯಂತ ಕಷ್ಟವಾಗುವುದು ನಮ್ಮ ಹಾಡುಗಳಲ್ಲಿ. ನಮ್ಮಜ್ಜಿ ಬೀಸುವಾಗ ಹೇಳುತ್ತಿದ್ದ ತ್ರಿಪದಿ, ನಿಮ್ಮ ಮನೆಗಳಲ್ಲೂ ಇದ್ದೀತು:

ಹೆಣ್ಣಿನ ಜನುಮಾಕ ಅಣ್ಣತಮ್ಮರು ಬೇಕ
ಬೆನ್ನ ಕಟ್ಟುವರ ಸಭೆಯೊಳಗ – ಸಾವಿರ
ಹೊನ್ನ ಕಟ್ಟುವರ ಉಡಿಯೊಳಗ

ತವರಿನ ನೆನಪಿಗೆ ಇದಕ್ಕಿಂತ ಚೆಂದದ ಹಾಡಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ಆ ‘ಸಭೆ’ ಯಾವುದು? ಹೆಣ್ಣುಮಗಳ ನ್ಯಾಯ ಹೇಳಲು ಕೂತ ಹಿರಿಯರ ಸಭೆ. ಅಲ್ಲಿ ಅವಳ ಮಾತಿಗೆ ತೂಕವಿದ್ದಿದ್ದರೆ ಬೆನ್ನು ಕಟ್ಟಲು ಇನ್ನೊಬ್ಬರು ಏಕೆ ಬೇಕಿತ್ತು? ಹಾಡು ಅಣ್ಣತಮ್ಮಂದಿರನ್ನು ಹೊಗಳುತ್ತಲೇ ಆ ಸಭೆಯ ಬಗ್ಗೆ ದೂರು ಹೇಳುತ್ತಿದೆ. ದೂರು ಎಂದು ಗೊತ್ತಾಗದ ಹಾಗೆ ಹೇಳುತ್ತಿದೆ, ಏಕೆಂದರೆ ಅತ್ತೆ ಪಕ್ಕದ ಕೋಣೆಯಲ್ಲಿದ್ದಾಳೆ.

ಕ್ರಮ ನೋಡಿ. ಮೊದಲು ಬೆನ್ನು, ಆಮೇಲೆ ಹೊನ್ನು. ಪ್ರಾಸಕ್ಕಾಗಿ ಹಿಂದುಮುಂದು ಮಾಡಬಹುದಿತ್ತು, ಮಾಡಿಲ್ಲ. ದುಡ್ಡು ಎರಡನೆಯದು.

ಹಲಸಂಗಿ ಗೆಳೆಯರು ಇಂಥ ಹಾಡುಗಳನ್ನು ಮನೆಮನೆಗೆ ಹೋಗಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಅವರಿಗೆ ಕೈಮುಗಿಯಬೇಕು. ಆದರೂ ಆ ಹೆಸರಿನ ‘ಗರತಿ’ ಅನ್ನುವುದು ನನಗೆ ಸ್ವಲ್ಪ ಚುಚ್ಚುತ್ತದೆ. ಬೀಸುತ್ತ ಕೂತವಳು ತನ್ನನ್ನು ಹಾಗೆ ಕರೆದುಕೊಂಡಿದ್ದಳೇ?

ಚಿಕ್ಕೋಡಿ_ಕಟ್ಟಿ

‘ದೂರು’ ಎಂದು ಓದುವುದು ಇವತ್ತಿನ ನಮ್ಮ ವಿಚಾರವನ್ನು ಅಜ್ಜಿಯ ಬಾಯಿಗೆ ಹಾಕಿದಂತಾಗುವುದಿಲ್ಲವೇ? ಬೆವರಿನ ಪ್ರಶ್ನೆಯಲ್ಲಿ ನನಗೆ ಪದ ತೋರಿಸಿ ಅಂದಿರಿ. ಈಗ ನಾನು ಕೇಳುತ್ತೇನೆ.

ಇಳಕಲ್_ಸೆರಗು

ನ್ಯಾಯವಾದ ಪ್ರಶ್ನೆ. ‘ಬೇಕ’ ಅನ್ನುವುದೇ ನನ್ನ ಪದ. ಅಣ್ಣತಮ್ಮಂದಿರು ಇದ್ದರೆ ಚೆಂದ ಅಂದಿಲ್ಲ, ಬೇಕು ಅಂದಿದ್ದಾಳೆ. ಅದೂ ‘ಹೆಣ್ಣಿನ ಜನುಮಾಕ’, ನನಗೊಬ್ಬಳಿಗೆ ಅಂತಲ್ಲ. ಅಷ್ಟನ್ನು ಅಜ್ಜಿಯೇ ಹೇಳಿದ್ದು. ಅದಕ್ಕಿಂತ ಮುಂದಿನದು ನನ್ನದು ಅನ್ನಿ, ಒಪ್ಪುತ್ತೇನೆ.

ಘಟಪ್ರಭಾ_ದಂಡಿ

ಈ ಗೆರಿ ಎಳೀತೀರಲ್ಲ, ಇಷ್ಟು ಅವರದು ಇಷ್ಟು ನಂದು ಅಂತ, ಹುಡುಗರಿಗೆ ಕಲಿಸಬೇಕಾದದ್ದು ಇದೇ. ಪರೀಕ್ಷಾದಾಗ ಇದಕ್ಕ ಅಂಕ ಇಲ್ಲ ಅನ್ನೂದು ಬ್ಯಾರೆ ಗೋಳು.

ಗುಮ್ಮಟದ_ಪಿಸುಮಾತು

ನಮ್ಮ ಕಾಕಾ ದಿನಾ ಮುಂಜಾನೆ ವಾಟ್ಸಾಪಿನ್ಯಾಗ ಸೂರ್ಯನ ಚಿತ್ರದ ಮ್ಯಾಲ ಒಂದು ‘ಬಸವವಚನ’ ಕಳಿಸ್ತಾರ. ಅದರಾಗ ಯಶಸ್ಸು, ಗುರಿ, ಆತ್ಮವಿಶ್ವಾಸ ಎಲ್ಲಾ ಇರತಾವು. ಬಸವಣ್ಣ ಇಷ್ಟೊಂದು ಮೋಟಿವೇಶನ್ ಕೊಡತಿದ್ದನೇನು? ಹಿಡಿಯೂದು ಹೆಂಗ?

ಡೋಣಿ_ಜೋಳ

ಸುಲಭ ಅದ. ಮೊದಲು ಅಂಕಿತ ನೋಡು. ‘ಕೂಡಲಸಂಗಮದೇವ’ ಇಲ್ಲಂದ್ರ ಅಲ್ಲೇ ಸಂಶಯ ಪಡು. ಇದ್ರೂ ಪೂರ್ತಿ ನಂಬಬ್ಯಾಡ, ಅಂಕಿತ ಅಂಟಸೂದು ಭಾಳ ಹಳೇ ಕಲೆ. ಆಮ್ಯಾಲ ಅಂತರ್ಜಾಲದಾಗ ‘ವಚನ ಸಂಚಯ’ ಅಂತ ಅದ, 20 ಸಾವಿರಕ್ಕೂ ಹೆಚ್ಚು ವಚನ ಅದಾವು, ಒಂದು ಶಬ್ದ ಹಾಕಿ ಹುಡುಕು. ಸಿಗಲಿಲ್ಲಂದ್ರ ಕಾಕಾಗ ಕೈಮುಗಿ. ಪುಸ್ತಕ ಬೇಕಂದ್ರ ಸರಕಾರದ ಸಮಗ್ರ ವಚನ ಸಂಪುಟ, 15 ಅದಾವು. ದೊಡ್ಡ ಲೈಬ್ರರ್‍ಯಾಗ ಕೇಳಿ ನೋಡು.

ಮೂರನೇದು ಕಿವಿ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಲ್ಲಾರಿಗೂ ಬಾಯಿಪಾಠ. ಮುತ್ತು, ಮಾಣಿಕ್ಯ, ಸ್ಫಟಿಕ, ಕೇಳಾಕ ಚೆಂದ. ನಿರೂಪಣಾ ಮಾಡಾವರು ಅಲ್ಲಿಗೇ ನಿಲ್ಲಸ್ತಾರ. ಆ ವಚನದ ಕಡೀ ಸಾಲು ‘ನುಡಿಯೊಳಗಾಗಿ ನಡೆಯದಿದ್ದಡೆ ಕೂಡಲಸಂಗಮದೇವನೆಂತೊಲಿವನಯ್ಯಾ?’ ಮ್ಯಾಲಿನ ಅಷ್ಟೂ ಚೆಂದಕ್ಕ ಕಡೀಕ ಒಂದು ಜಬರ್ದಸ್ತ್ ಪ್ರಶ್ನಿ. ಖರೇ ವಚನದಾಗ ಹಿಂಗ ಎಲ್ಲೋ ಒಂದು ಕಡೆ ನಿನಗ ಬಡೀತದ. ಕಾಕಾನ ವಚನ ಯಾರಿಗೂ ಬಡ್ಯೂದಿಲ್ಲ.

ಇವನ್ನೆಲ್ಲಾ ನಾವು ಬಟನ್ ಒತ್ತಿ ಹುಡುಕತೀವಿ. ಇದೇ ವಿಜಯಪುರದಾಗ ಫ. ಗು. ಹಳಕಟ್ಟಿಯವರು ವಕೀಲಿ ಮಾಡಕೋತ, ಊರೂರು ತಿರಗಿ ತಾಡೋಲಿ ಕೂಡಿಸಿ, 1923ರಾಗ ‘ವಚನಶಾಸ್ತ್ರಸಾರ’ ತಂದ್ರು. 1926ಕ್ಕ ‘ಶಿವಾನುಭವ’ ಪತ್ರಿಕಾ. ಅದಕ್ಕಾಗಿ ಮನಿ ಮಾರಿ ಬಾಡಿಗಿ ಮನ್ಯಾಗ ಉಳದ್ರು. ಒಂದೊಂದು ಓಲಿಗರಿಯ ಪಾಠ ಕೂಡಿಸಿ ನೋಡಿದ ಊರಿನ್ಯಾಗ ಮುಂಜಾನೆದ್ದು ಸೂರ್ಯನ ಚಿತ್ರ ಬರತದ.

ಒಕ್ಕುಂದ_ದಾರಿ

ಸಕ್ಕರಿ ಶಿಫ್ಟ್ ಅವರ ಬೋರ್ಡಿಗೆ ಮತ್ತೆ ಬರುತ್ತೇನೆ, ಒಂದು ಎಚ್ಚರಿಕೆ ಹೇಳಬೇಕು. ಮಾರಯ್ಯನ ಪೂರ್ತಿ ವಚನ ಹಚ್ಚಿದರೆ ಮಾಲೀಕರ ಕಡೆಯವರು ಮಾರಯ್ಯನ ಹೆಂಡತಿ ಲಕ್ಕಮ್ಮನ ವಚನ ತರಬಹುದು:

ಆಸೆಯೆಂಬುದು ಅರಸಿಂಗಲ್ಲದೆ
ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ
ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

‘ಈಸಕ್ಕಿಯಾಸೆ ನಿಮಗೇಕೆ?’ ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಎಂದು. ಬೋನಸ್ ಕೇಳಲು ಹೋದವನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಮ್ಯಾನೇಜರಿಗೆ ಸಿಕ್ಕೀತು? ಅರ್ಧ ಕೊಯ್ಯುವ ಕೆಲಸವನ್ನೂ ಮಾಡಬೇಕಿಲ್ಲ, ಇಡಿಯಾಗೇ ಹಚ್ಚಬಹುದು.

ಸಕ್ಕರಿ_ಶಿಫ್ಟ್

ಇದೊಳ್ಳೇ ಆತಲ್ರಿ. ಒಂದು ಬೋರ್ಡ್ ಇಳಸಾಕ ಹೋಗಿ ಎರಡಾದ್ವು.

ಇಳಕಲ್_ಸೆರಗು

ಯಾರು ಯಾರಿಗೆ ಹೇಳಿದ್ದು ಅಂತ ಕೇಳಿ. ಹೆಂಡತಿ ಗಂಡನಿಗೆ ಹೇಳಿದ್ದು, ಮನೆಯೊಳಗೆ. ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಅವಳು ತಾನೂ ಅದೇ ಅಕ್ಕಿ ಉಣ್ಣುವವಳು, ತನ್ನ ಪಾಲನ್ನೂ ಸೇರಿಸಿ ಬೇಡ ಅನ್ನುತ್ತಿದ್ದಾಳೆ. ತುಂಬಿದ ಗೋದಾಮಿನವರು ಖಾಲಿ ಚೀಲದವನಿಗೆ ಹೇಳಿದರೆ ಅಕ್ಷರ ಅವೇ ಇರುತ್ತವೆ, ವಚನ ಅದಲ್ಲ.

ಇನ್ನು ‘ಆಸೆಯೆಂಬುದು ಅರಸಿಂಗಲ್ಲದೆ’ ಅಂತ ಶುರುವಿನಲ್ಲೇ ಇದೆಯಲ್ಲ. ಮ್ಯಾನೇಜರು ಈ ಸಾಲು ಹಚ್ಚಲಿ, ಅರಸ ಯಾರು ಅಂತ ಕಾರ್ಮಿಕರೇ ಕೇಳುತ್ತಾರೆ.

ಘಟಪ್ರಭಾ_ದಂಡಿ

ಲಕ್ಕಮ್ಮನ ಇನ್ನೊಂದು ವಚನ ಐತಿ, ಅದನ್ನ ಜೋಡಿ ಇಟ್ಟು ಓದಬೇಕು:

ಒಮ್ಮನವ ಮೀರಿ ಇಮ್ಮನದಲ್ಲಿ ತಂದಿರಿ.
ಇದು ನಿಮ್ಮ ಮನವೊ? ಬಸವಣ್ಣನ ಅನುಮಾನದ ಚಿತ್ತವೊ?
ಈ ಮಾತು ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ಸಲ್ಲದ ಬೋನ.
ಅಲ್ಲಿಯೆ ಸುರಿದು ಬನ್ನಿ ಮಾರಯ್ಯಾ.

ಹೆಚ್ಚಿನ ಅಕ್ಕಿ ಕಂಡಾಗ ಆಕಿ ಗಂಡನ ಮ್ಯಾಲ ಅಷ್ಟೇ ಸಂಶಯ ಪಡಲಿಲ್ಲ. ಬಸವಣ್ಣನ ಮ್ಯಾಲೂ ಪಟ್ಟಳು! ನಮ್ಮನ್ನ ಪರೀಕ್ಷಾ ಮಾಡಾಕ ಅಂವ ಬೇಕಂತಲೇ ಹೆಚ್ಚು ಚೆಲ್ಯಾನೇನು ಅಂತ. ಕಲ್ಯಾಣದ ಮಂತ್ರಿ, ಎಲ್ಲಾರೂ ಅಣ್ಣ ಅನ್ನಾಂವ, ಅವನಿಗೆ ‘ಅನುಮಾನದ ಚಿತ್ತ’ ಅಂದಾಳ ಅಕ್ಕಿ ಆಯೂ ಮನಿ ಹೆಣ್ಣಮಗಳು. ಮತ್ತ ಆ ವಚನವನ್ನ ಯಾರೂ ಅಳಿಸಿ ಹಾಕಿಲ್ಲ, ಬಸವಣ್ಣನ್ನ ಪೂಜಿಸೂ ಪರಂಪರೆನೇ ಇವತ್ತಿನತನಕ ಕಾದು ತಂದೈತಿ.

ಮ್ಯಾನೇಜರ್ ಸಾಹೇಬ್ರು ಲಕ್ಕಮ್ಮನ್ನ ಕರಕೊಂಡು ಬರೂದಾದ್ರ ಬರಲಿ. ಆಕಿ ಮೊದಲು ಅವರ ಬುಟ್ಟಿನೇ ತೂಕ ಮಾಡ್ತಾಳ.

ಕುಂದಾ_ಪ್ರಿಯ

ಮಾಸ್ತರ, ನಿಮ್ಮ ಶನಿವಾರಕ್ಕ ಬೆಳಗಾವಿಯಿಂದ ಬಂದ್ರ ಹೊಳ್ಳಿ ಹೋಗಾಕ ಬಸ್ ಸಿಗತಾವೇನು? ಕುಂದಾ ನಾ ತರತೀನಿ. ಬಗದು ನೋಡೂದು ನೀವು ಮಾಡ್ರಿ.

ಸಕ್ಕರಿ_ಶಿಫ್ಟ್

ಅಣ್ಣಾರ, ಅಕ್ಕಾರ, ಮೂರೂ ವಚನ ಚೀಟಿ ಮ್ಯಾಲ ಬರಕೊಂಡೀನಿ. ನಮ್ಮ ಯೂನಿಯನ್ ಬೋರ್ಡ್ ಕ್ಯಾಂಟೀನ್ ಗ್ವಾಡಿಗೆ ಐತಿ, ಅಲ್ಲಿ ಹಚ್ಚಾಕ ಯಾರ ಅಪ್ಪಣೀನೂ ಬೇಕಾಗಿಲ್ಲ. ನನ್ನ ಅಕ್ಷರ ಕೋಳಿ ಕೆದರಿದಂಗ ಇರತಾವು, ಯಾರರ ದೊಡ್ಡ ಅಕ್ಷರದಾಗ ಟೈಪ್ ಮಾಡಿ ಪಿಡಿಎಫ್ ಕಳಿಸ್ರಿ. ‘ಹಂಗು ಹರಿಯಬೇಕು’ ಅನ್ನೂದನ್ನ ದಪ್ಪ ಮಾಡಬ್ಯಾಡ್ರಿ, ಓದಾವರೇ ಹುಡುಕ್ಲಿ. ನಾಳೆ ಎರಡನೇ ಪಾಳಿ ಐತಿ, ರಾತ್ರಿ ಹನ್ನೊಂದರ ಮ್ಯಾಲ ನೋಡ್ತೀನಿ.

ಡೋಣಿ_ಜೋಳ

ನಾ ಮಾಡಿ ಕಳಸ್ತೀನಿ. ಕೆಳಗ ಹೆಸರು ಹಾಕೂದು ಮರೀಬ್ಯಾಡ: ಮಾರಯ್ಯ ಒಂದು, ಲಕ್ಕಮ್ಮ ಎರಡು.